ಕಾಳಿ ಅಳಿವೆಯ ಬದಿಯ ವಿಶ್ವವಿದ್ಯಾಲಯದ ಆವರಣಕ್ಕೆ ಮಣ್ಣು ತುಂಬಿಸುವುದೊಂದೇ ದಾರಿಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಕಾರವಾರದ ಹತ್ತಿರ ಕಾಳಿ ನದಿಯ ಅಳಿವೆಗೆ ತಾಗಿದ 25 ಎಕರೆ ಜಾಗದಲ್ಲಿ ವಿಶ್ವವಿದ್ಯಾಲಯದ ಆವರಣ ಬರಲಿದೆ, ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಒಂದು ಮೀಟರ್ ಮಣ್ಣು ತುಂಬಿಸಿ ಸುತ್ತ ಗೋಡೆ ಹಾಕುವುದೆಂದು ಮೇಲಿನವರು ಹೇಳುತ್ತಿದ್ದಾರೆ, ಮರ-ಹಕ್ಕಿಗಳನ್ನೂ ಉಳಿಸಿಕೊಳ್ಳುವ ಬೇರೆ ದಾರಿ ನಿಮಗೆ ಬೇಕಾಗಿದೆ. ಕುಮಟಾ ಕಡೆಯ ಗಜನಿ (ಅಳಿವೆಯ ಉಪ್ಪುನೀರಿನ ಅಂಚಿನ) ಗದ್ದೆಯ ಮನೆಯಲ್ಲಿ ಬೆಳೆದು ಸಿವಿಲ್ ಎಂಜಿನಿಯರ್ ಆದವನು ನಾನು. ಆ ಗದ್ದೆಯನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಮಣ್ಣಿನ ಲೆಕ್ಕ ಮೊದಲು ನೋಡಿ. 25 ಎಕರೆಯೆಂದರೆ ಸುಮಾರು 1 ಲಕ್ಷ ಚದರ ಮೀಟರ್. ಅದನ್ನು ಒಂದು ಮೀಟರ್ ಏರಿಸಲು, ಟಿಪ್ಪರಿಗೆ 10 ಘನ ಮೀಟರಿನಂತೆ, 10,000 ಟಿಪ್ಪರ್ ಮಣ್ಣು ಬೇಕು. ಅಷ್ಟು ಮಣ್ಣು ಬರುವುದು ಯಾವುದೋ ಗುಡ್ಡ ಕಡಿದೇ. 2009ರಲ್ಲಿ ಕಡವಾಡದಲ್ಲಿ, 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆಯಲ್ಲಿ ಈ ಮಾತನ್ನು ಹಗುರವಾಗಿ ಆಡಲಾಗದು. ನೀವು ಹೊರಗಟ್ಟಿದ ನೀರು ಪಕ್ಕದವರ ಅಂಗಳಕ್ಕೆ ಹೋಗುವುದಂತೂ ಇದ್ದೇ ಇದೆ.

ಇಲ್ಲಿ ನಿಜವಾದ ತೊಡಕು ಹೊತ್ತಿನದು. ಒಂದೇ ದಿನ 100 ಮಿ.ಮೀ. ಮಳೆ ಕಾರವಾರಕ್ಕೆ ಹೊಸದಲ್ಲ. ಅಷ್ಟು ಸುರಿದರೆ ನಿಮ್ಮ ಆವರಣದ ಮೇಲೆ ಬೀಳುವುದು 1 ಕೋಟಿ ಲೀಟರ್. ಅದನ್ನು ಚರಂಡಿಯಲ್ಲಿ ನದಿಗೆ ಬಿಡೋಣವೆಂದರೆ, ಉಬ್ಬರದ ಹೊತ್ತಿನಲ್ಲಿ ನದಿಯೇ ಚರಂಡಿಯ ಬಾಯಿಗಿಂತ ಮೇಲಿರುತ್ತದೆ. ಅಮಾವಾಸ್ಯೆಯ ಉಬ್ಬರವಿದ್ದು, 2019ರ ಆಗಸ್ಟಿನಂತೆ ನದಿಯ ಮೇಲ್ಭಾಗದ ಕದ್ರಾ ಅಣೆಕಟ್ಟೆಯಿಂದಲೂ ನೀರು ಬಿಟ್ಟರೆ ಕಾಯುವ ಹೊತ್ತು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮಳೆನೀರನ್ನು ಆ ಕೆಲವು ಗಂಟೆ ಎಲ್ಲಿ ಕೂರಿಸಬೇಕೆಂಬುದನ್ನು ನಕ್ಷೆಯಲ್ಲಿ ಮೊದಲು ತೀರ್ಮಾನಿಸಬೇಕು.

ಕುಮಟಾ ಕಡೆಯ ಅಘನಾಶಿನಿ ನದಿಯ ಗಜನಿಗಳಲ್ಲಿ ಇದನ್ನು ಹಿಂದಿನಿಂದಲೂ ಮಾಡಿಕೊಂಡು ಬಂದಿದ್ದಾರೆ. ಮಳೆಗಾಲದಲ್ಲಿ ಉಬ್ಬರ ಬಂದಾಗ ಒಡ್ಡಿನ ಹಲಗೆ ಬಾಗಿಲು ಮುಚ್ಚಿ ಉಪ್ಪುನೀರನ್ನು ತಡೆಯುತ್ತಾರೆ, ಇಳಿತಕ್ಕೆ ತೆರೆದು ಮಳೆನೀರನ್ನು ಹೊರಬಿಡುತ್ತಾರೆ. ನಡುವಿನ ಹೊತ್ತಿನಲ್ಲಿ ನೀರು ಗದ್ದೆಯಲ್ಲೇ ನಿಂತರೂ ಅಲ್ಲಿನ ಕಗ್ಗ ತಳಿಯ ಭತ್ತ ತಾಳಿಕೊಳ್ಳುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ.

ನಿಮ್ಮಲ್ಲಿ ಆ ಗದ್ದೆಯ ಕೆಲಸವನ್ನು ಆಟದ ಮೈದಾನ ಮಾಡಲಿ. ಮೈದಾನವೂ ಅದರ ಸುತ್ತಲಿನ ಜಾಗವೂ ಸೇರಿ 5 ಎಕರೆಯನ್ನು ಅರ್ಧ ಮೀಟರ್ ತಗ್ಗಿಸಿದರೆ ಆ 1 ಕೋಟಿ ಲೀಟರ್ ಅಲ್ಲಿ ಹಿಡಿಸುತ್ತದೆ. ಅಗೆದ ಮಣ್ಣು ಕಟ್ಟಡಗಳ ಅಡಿಗೇ ಆಗುತ್ತದೆ. ಅದಕ್ಕಿಂತ ಆಳ ಬೇಡ, ಮಳೆಗಾಲದಲ್ಲಿ ಅಂತರ್ಜಲವೇ ಮೇಲೆದ್ದು ಗುಂಡಿ ತುಂಬಿಬಿಡುತ್ತದೆ. ಗ್ರಂಥಾಲಯ, ವಿದ್ಯುತ್ ಫಲಕ, ಪ್ರಯೋಗಾಲಯಗಳೆಲ್ಲ ಮೊದಲ ಮಹಡಿಯಲ್ಲಿರಲಿ. ಓಡಾಡುವ ದಾರಿಗೆ ಚಿರೇಕಲ್ಲು (ಜಂಬಿಟ್ಟಿಗೆ) ಹಾಸಿ, ಸಂದುಗಳಿಗೆ ಸಿಮೆಂಟ್ ತುಂಬಬೇಡಿ.

ನದಿಗೆ ತೆರೆಯುವ ಬಾಯಿಗೆ ಇಳಿತದಲ್ಲಿ ಮಾತ್ರ ಹೊರಕ್ಕೆ ತೆರೆಯುವ ಬಾಗಿಲು ಬೇಕೇ ಬೇಕು. ಬೇರೊಂದು ಕಡೆ ಇದನ್ನು ನಾನೇ ಕೆಡಿಸಿದ್ದೇನೆ: ಬಾಗಿಲು ಚೆನ್ನಾಗಿಯೇ ಇತ್ತು, ಆದರೆ ಮುಂದೆ ಜಾಲರಿ ಹಾಕಿಸಿರಲಿಲ್ಲ. ಒಂದು ರಾತ್ರಿ ನೀರಿನ ಬಾಟಲಿಯೊಂದು ಬಾಗಿಲಿನ ಸಂದಿಗೆ ಸಿಕ್ಕಿಕೊಂಡು, ಬೆಳಗಾಗುವಷ್ಟರಲ್ಲಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ಉಪ್ಪುನೀರು ಮೊಣಕಾಲುದ್ದ ನಿಂತಿತ್ತು.

ಇನ್ನು ಗಿಡಗಳು. ದಂಡೆಯಲ್ಲಿ ಈಗಿರುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಮುಟ್ಟುವಂತಿಲ್ಲ. ಅವು ಇರುವ ಜಾಗ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಒಂದು-ಎ ವರ್ಗಕ್ಕೆ ಸೇರುತ್ತದೆ. ದಂಡೆಯ ಬೋಳು ಜಾಗಕ್ಕೆ ನರ್ಸರಿ ಬೇಕಾಗಿಲ್ಲ. ಕಾಂಡ್ಲಾದ ಕೆಲವು ಜಾತಿಗಳಲ್ಲಿ ಬೀಜ ಮರದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದೆ. ಕೈಯಿಂದ ಮುಟ್ಟಿದರೆ ಕಳಚಿಕೊಳ್ಳುವಷ್ಟು ಬಲಿತದ್ದನ್ನು ಮಾತ್ರ ತಂದು, ಚೂಪಾದ ತುದಿಯನ್ನು ಕೆಳಗೆ ಮಾಡಿ ಕೆಸರಿಗೆ ಚುಚ್ಚಿದರಾಯಿತು. ಉಬ್ಬರದ ನೀರು ಮುಟ್ಟದ ಕಡೆ ಇದನ್ನು ನೆಡುವುದು ವ್ಯರ್ಥ. ಒಳಭಾಗಕ್ಕೆ ಸುರಹೊನ್ನೆ, ಹೊಂಗೆ, ಕಾಲುವೆಯಂಚಿಗೆ ಕೇದಗೆ, ಲಾವಂಚ ಸಾಕು. ಬೇಗ ಹಸಿರಾಗಲೆಂದು ಅಕೇಶಿಯಾ ತರಬೇಡಿ. ಹುಲ್ಲುಹಾಸು ಬೇಕೇಬೇಕೆಂದು ಯಾರಾದರೂ ಪಟ್ಟುಹಿಡಿದರೆ (ಹಿಡಿದೇ ಹಿಡಿಯುತ್ತಾರೆ) ಮುಖ್ಯ ಬಾಗಿಲಿನ ಎದುರು ಒಂದು ಚಿಕ್ಕ ತುಂಡು ಬಿಟ್ಟುಕೊಡಿ.

ನಕ್ಷೆ ಬರೆಯುವ ಮೊದಲು ಆಷಾಢ, ಶ್ರಾವಣದ ಅಮಾವಾಸ್ಯೆಗಳಂದು ಉಬ್ಬರ ಏರಿ ನಿಂತಾಗ ದಂಡೆಯಲ್ಲಿ ಗೂಟ ನೆಟ್ಟು ಗುರುತು ಮಾಡಿಸಿ, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲಿನ ದೋಣಿಯವರನ್ನು ಕೇಳಿ ಇನ್ನೊಂದು ಗೂಟ ನೆಡಿಸಿ. ಚರಂಡಿ ಬಾಯಿಯ ಬಾಗಿಲಿನ ಮಟ್ಟವನ್ನು ಮೊದಲ ಗೂಟದಿಂದಲೂ ಕಟ್ಟಡದ ನೆಲಮಟ್ಟವನ್ನು ಎರಡನೆಯದರಿಂದಲೂ ಗೊತ್ತುಮಾಡಿ.