ಅದು ಒತ್ತಾಯವೆಂದು ಅವನಿಗೆ ಅನಿಸಿರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

16 ವರ್ಷದ ಹುಡುಗನೊಬ್ಬನನ್ನು ಶಾಲೆಯವರು ನನ್ನ ಬಳಿಗೆ ಕಳುಹಿಸಿದ್ದರು. ತನ್ನ ತರಗತಿಯ ಗೆಳತಿಯೊಬ್ಬಳು ಖಾಸಗಿ ಚಿತ್ರವೊಂದನ್ನು ಕಳುಹಿಸಬೇಕೆಂದು ಅವನು ವಾರಗಟ್ಟಲೆ ಪೀಡಿಸಿದ್ದ. ಅವಳು ಒಲ್ಲೆನೆಂದಾಗಲೆಲ್ಲ ‘ನನ್ನ ಮೇಲೆ ನಂಬಿಕೆಯಿಲ್ಲ’ ಎಂದು ಚುಚ್ಚಿದ್ದ. ಕೊನೆಗೆ ಸ್ನೇಹ ಕಡಿದುಕೊಂಡು ಅವಳ ಬಗ್ಗೆ ಇಲ್ಲಸಲ್ಲದ್ದನ್ನು ಹಬ್ಬಿಸುವುದಾಗಿ ಹೆದರಿಸಿದ್ದ. ಅವಳು ಚಿತ್ರ ಕಳುಹಿಸದೆ ಶಿಕ್ಷಕಿಗೆ ತಿಳಿಸಿದಳು.

‘ನಾನು ಅವಳನ್ನು ಮುಟ್ಟಿಯೇ ಇಲ್ಲ, ಇದು ಬಲವಂತ ಹೇಗಾಗುತ್ತದೆ?’ ಎಂದು ಅವನು ಕೇಳಿದ. ಅವನ ಗೊಂದಲ ನಟನೆಯಾಗಿರಲಿಲ್ಲ. ಅವನು ಮೊಬೈಲಿನಲ್ಲಿ ನೋಡುತ್ತಿದ್ದ ಅಶ್ಲೀಲ ದೃಶ್ಯಗಳಲ್ಲಿ ಹುಡುಗಿ ಮೊದಲು ನಿರಾಕರಿಸುತ್ತಾಳೆ, ಹುಡುಗ ಪಟ್ಟು ಬಿಡುವುದಿಲ್ಲ, ಕಡೆಗೆ ಅವಳು ಒಪ್ಪುತ್ತಾಳೆ. ಲೈಂಗಿಕ ನಡವಳಿಕೆಯೂ ಸಮಾಜದಿಂದ ಕಲಿತ ಕಥಾಹಂದರವನ್ನು ಅನುಸರಿಸುತ್ತದೆ ಎಂದು ಸಮಾಜಶಾಸ್ತ್ರಜ್ಞರಾದ ಗ್ಯಾಗ್ನನ್ ಮತ್ತು ಸೈಮನ್ 1973ರಲ್ಲೇ ವಿವರಿಸಿದ್ದರು. ಈ ಹುಡುಗನ ಕಥಾಹಂದರದಲ್ಲಿ ನಿರಾಕರಣೆಯು ಒಪ್ಪಿಗೆಗೆ ಮುಂಚಿನ ಒಂದು ಹಂತ ಮಾತ್ರವಾಗಿತ್ತು.

ಆದರೂ ತಪ್ಪೆಲ್ಲ ಮೊಬೈಲಿನದು ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ. ಹದಿಹರೆಯದವರ ಅಶ್ಲೀಲ ದೃಶ್ಯವೀಕ್ಷಣೆಯ ಕುರಿತ 20 ವರ್ಷಗಳ ಸಂಶೋಧನೆಯನ್ನು ಪೀಟರ್ ಮತ್ತು ವಾಲ್ಕೆನ್‌ಬರ್ಗ್ 2016ರಲ್ಲಿ ಪರಾಮರ್ಶಿಸಿದಾಗ, ಅಂತಹ ವೀಕ್ಷಣೆಗೂ ಗಂಡು-ಹೆಣ್ಣಿನ ಬಗೆಗಿನ ಸಿದ್ಧನಂಬಿಕೆಗಳಿಗೂ ನಂಟು ಕಂಡುಬಂದಿತ್ತು. ಒಂದರಿಂದಲೇ ಇನ್ನೊಂದು ಹುಟ್ಟುತ್ತದೆ ಎಂಬುದು ಅದರಿಂದ ಸಾಬೀತಾಗಲಿಲ್ಲ. ಈ ಹುಡುಗನ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಗೆಳೆಯರ ಗುಂಪು. ಚಿತ್ರ ತರಿಸಿಕೊಳ್ಳುತ್ತೇನೆಂದು ಅವನು ಅವರೆದುರು ಜಂಬ ಕೊಚ್ಚಿಕೊಂಡಿದ್ದ. ಹುಡುಗಿಯಿಂದ ‘ಇಲ್ಲ’ ಎನಿಸಿಕೊಳ್ಳುವುದು ಗಂಡಸುತನಕ್ಕೆ ಅವಮಾನವೆಂದು ಅಲ್ಲಿ ಎಲ್ಲರೂ ನಂಬಿದ್ದರು. ಅವಳ ಭಯ ಅವನ ಕಣ್ಣಿಗೆ ಬೀಳದಿದ್ದುದಕ್ಕೆ, ಆ ಹೊತ್ತಿನಲ್ಲಿ ಅವನ ಗಮನವೆಲ್ಲ ಗೆಳೆಯರ ಮೇಲಿದ್ದುದೇ ಕಾರಣ.

ಹುಡುಗಿಯನ್ನು ನನ್ನ ಸಹೋದ್ಯೋಗಿಯೊಬ್ಬರು ಪ್ರತ್ಯೇಕವಾಗಿ ಭೇಟಿಯಾದರು. ಸಂಬಂಧ ಕೆಡದಂತೆ ನೋಡಿಕೊಳ್ಳುವುದು ಹೆಣ್ಣಿನ ಹೊಣೆಯೆಂದು ಕೇಳುತ್ತಲೇ ಬೆಳೆದ ಅವಳು, ಅವನ ಹೆಸರು ಕೆಡಿಸಿದೆನೇ ಎಂದು ಕೊರಗುತ್ತಿದ್ದಳು. ನಿರಾಕರಣೆಗೆ ಕಾರಣ ಕೊಡಬೇಕಾಗಿಲ್ಲವೆಂದೂ, ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕೆಂದೂ, ಅವನೊಂದಿಗೆ ಒಬ್ಬಳೇ ರಾಜಿಗೆ ಕೂರಬಾರದೆಂದೂ ಅವರು ಅವಳಿಗೆ ಸ್ಪಷ್ಟಪಡಿಸಿದರು.

ಹುಡುಗನಿಗೆ, ತಾನು ಕಳುಹಿಸಿದ ಸಂದೇಶಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲು ಹೇಳಿದೆ. ಅರ್ಧದಲ್ಲೇ ಅವನ ದನಿ ಇಳಿಯಿತು. ಕೈ ಎತ್ತದಿದ್ದರೂ ಭಯ, ಅಪರಾಧಪ್ರಜ್ಞೆ, ಎಡೆಬಿಡದ ಒತ್ತಡಗಳಿಂದ ಪಡೆದದ್ದು ಒಪ್ಪಿಗೆಯಲ್ಲವೆಂದೂ, ಅಪ್ರಾಪ್ತರ ಅಂತಹ ಚಿತ್ರವನ್ನು ಇಟ್ಟುಕೊಳ್ಳುವುದು ಬಹುತೇಕ ದೇಶಗಳಲ್ಲಿ ಅಪರಾಧವೆಂದೂ ತಿಳಿಸಿದೆ. ಏನನ್ನು ನೋಡಿ ಕಲಿತಿದ್ದರೂ ಬೆದರಿಸಿದ್ದು ಅವನೇ ಎಂಬುದನ್ನು ಮರೆಮಾಚಲಿಲ್ಲ.

‘ಈ ವಯಸ್ಸಿನಲ್ಲಿ ಹುಡುಗರು ಹೀಗೇ’ ಎಂದ ಅವನ ತಂದೆಗೆ, ಮಗ ಆ ಮಾತನ್ನು ಅನುಮತಿಯೆಂದೇ ತಿಳಿಯುತ್ತಾನೆ ಎಂದೆ. ಮೊಬೈಲ್ ಕಿತ್ತುಕೊಳ್ಳಲು ಹೊರಟ ತಾಯಿಗೆ, ಅವನು ನೋಡುವುದರ ಬಗ್ಗೆ ಗದರದೆ ಕೂತು ಮಾತನಾಡಲು ಸೂಚಿಸಿದೆ.

ಕ್ಷಮೆ ಕೇಳುವ ಪತ್ರವನ್ನು ಅವಳಿಗೆ ತಲುಪಿಸಬೇಕೆಂದು ಅವನು ಕೋರಿದಾಗ ಸಹೋದ್ಯೋಗಿಯ ಮೂಲಕ ಅವಳ ಇಚ್ಛೆಯನ್ನು ಕೇಳಿಸಿದೆ. ಅವಳು ಬೇಡವೆಂದಳು, ಅವನು ಮತ್ತೆ ಕೇಳಲಿಲ್ಲ. ಗೆಳೆಯರ ಗುಂಪಿನಲ್ಲಿ ಏನು ಹೇಳಬೇಕು, ಯಾವಾಗ ಎದ್ದು ಬರಬೇಕು ಎಂಬುದರ ಬಗ್ಗೆ ಅವನೊಂದಿಗೆ ಭೇಟಿಗಳು ಮುಂದುವರಿದಿವೆ.