ಪುಣೆಯಲ್ಲಿ ಕೂತು ಆನ್‌ಲೈನ್ ಪಾಠದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಕಲಿಯಬಹುದಾ? ಅಮೆರಿಕದ ಮೇಷ್ಟ್ರೇ ಬೇಕಾ?

ನಿಮ್ಮ ಪ್ರಶ್ನೆ ಓದಿ ನಾಲ್ಕು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ಊರಲ್ಲಿ ಕಲಿಸುವವರು ಸಿಗುವುದಿಲ್ಲ, ಗಿಟಾರ್ ಮೇಷ್ಟ್ರಿಗೆ ಪೆಡಲ್ ಗೊತ್ತಿಲ್ಲ, ಹೊರದೇಶದ ಪಾಠಕ್ಕೆ ದುಡ್ಡು ಜಾಸ್ತಿ. ನಾನೂ ಮುಂಬೈ ಹತ್ತಿರದ ಡೊಂಬಿವಲಿಯ ಒನ್ ರೂಮ್ ಕಿಚನ್ ಮನೆಯಲ್ಲಿ ಕೂತು ಇದನ್ನೇ ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದೆ.

ಅಪ್ಪನ ಹತ್ತಿರ ವ್ಯಾನ್ ಶಿಪ್ಲೆ ಅವರ ರೆಕಾರ್ಡುಗಳಿದ್ದವು. ಹಿಂದಿ ಸಿನಿಮಾ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ್ದು. ಆ ಜಾರುವ ಸ್ವರ ಕೇಳಿಕೊಂಡೇ ಬೆಳೆದೆ. ಮುಂದೆ ಒಂದು ದಿನ ಪೆಡಲ್ ಸ್ಟೀಲ್ ಕೇಳಿದೆ. ಮೇಜಿನ ಹಾಗೆ ಮಲಗಿಸಿಟ್ಟ ಗಿಟಾರ್ ಅದು, ತಂತಿಗಳ ಮೇಲೆ ಎಡಗೈಯಿಂದ ಉಕ್ಕಿನ ಬಾರ್ ಜಾರಿಸುತ್ತಾರೆ, ಕೆಳಗೆ ಪಾದಕ್ಕೆ ಪೆಡಲ್, ಮಂಡಿಗೆ ಲಿವರ್ ಇರುತ್ತವೆ. ಅದರಲ್ಲಿ ಸ್ವರ ಜಾರುವುದಷ್ಟೇ ಅಲ್ಲ, ಮೂರು ತಂತಿ ಒಟ್ಟಿಗೆ ನುಡಿಯುವಾಗ ಎರಡು ಇದ್ದಲ್ಲೇ ಇದ್ದು ಒಂದರ ಸ್ವರ ಮಾತ್ರ ಮೇಲೇರುತ್ತದೆ. ಕಾಲಿನಿಂದ ಮಾಡುವ ಕೆಲಸ ಅದು. ಬಡ್ ಐಸಾಕ್ಸ್ ಅನ್ನುವವರು 1954ರಲ್ಲಿ ಹೊರಬಂದ, ಗಾಯಕ ವೆಬ್ ಪಿಯರ್ಸ್ ಅವರ ಒಂದು ಹಾಡಿನಲ್ಲಿ ಹೀಗೆ ನುಡಿಸಿದ ಮೇಲೆ ಅಮೆರಿಕದ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಕ್ಕೆ ಪೆಡಲ್ ಹಾಕಿಸಿಕೊಳ್ಳಲು ಹೊರಟರಂತೆ. ನನಗಂತೂ ಅವರ ಆತುರ ಚೆನ್ನಾಗಿ ಅರ್ಥವಾಗುತ್ತದೆ.

ವಾದ್ಯ ತರಿಸಿದೆ. ಅಮೆರಿಕದ ನ್ಯಾಶ್‌ವಿಲ್‌ನ ಒಬ್ಬ ಮೇಷ್ಟ್ರು ಒಪ್ಪಿಕೊಂಡರು. ವಾರಕ್ಕೊಂದು ಗಂಟೆ, ಹತ್ತಿರ ಹತ್ತಿರ 5,000 ರೂಪಾಯಿ. ನನಗೆ ಬೆಳಿಗ್ಗೆ ಆರೂವರೆ ಆದರೆ ಅವರಿಗೆ ಹಿಂದಿನ ಸಂಜೆ ಏಳು. ಮಾರ್ಚ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಟ್ಟ ಮೇಲೆ ನನ್ನ ಪಾಠ ಐದೂವರೆಗೆ ಬಂತು. ಪಾಠ ಮುಗಿಸಿ ಏಳೂ ಇಪ್ಪತ್ತರ ಲೋಕಲ್ ಹಿಡಿಯುತ್ತಿದ್ದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಮುಂಬೈ ಸೆಕೆ ನಿಮಗೆ ಗೊತ್ತೇ ಇದೆ, ಫ್ಯಾನ್ ಇಲ್ಲದೆ ಕೂರಲಾಗುವುದಿಲ್ಲ. ಅದರ ಸದ್ದು ಮೇಷ್ಟ್ರಿಗೆ ಕಿರಿಕಿರಿ ಆಗಬಾರದು ಅಂತ ಮೀಟಿಂಗ್ ಆ್ಯಪಿನಲ್ಲಿ ಗದ್ದಲ ತಡೆಯುವ ಆಯ್ಕೆಯನ್ನು ಪೂರ್ತಿ ಜಾಸ್ತಿ ಮಾಡಿದೆ. ಮೈಕ್‌ನ ಸದ್ದನ್ನು ತಾನೇ ಹೊಂದಿಸಿಕೊಳ್ಳುವ ಆಯ್ಕೆಯೂ ಆನ್ ಇತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡೆ.

ಈ ಆ್ಯಪ್‌ಗಳನ್ನು ಮಾಡಿರುವುದು ಮಾತಿಗೆ. ಮಾತು ಬಿಟ್ಟು ಬಿಟ್ಟು ಬರುತ್ತದೆ. ಬಿಡದೆ ಒಂದೇ ಸಮ ಬರುವ ಸದ್ದನ್ನು ಆ್ಯಪ್ ಫ್ಯಾನ್ ಅಂತಲೋ ಮಿಕ್ಸರ್ ಅಂತಲೋ ತಿಳಿದು ಅಳಿಸಿಬಿಡುತ್ತದೆ. ಪೆಡಲ್ ಸ್ಟೀಲ್‌ನ ಜೀವವೇ ಬಿಡದೆ ನಿಲ್ಲುವ ಸ್ವರ! ಎಡಗಾಲು ಸ್ವರ ಬದಲಿಸುವ ಪೆಡಲ್ ಒತ್ತುತ್ತದೆ, ಬಲಗಾಲು ಸದ್ದು ಏರಿಸಿ ಇಳಿಸುವ ವಾಲ್ಯೂಮ್ ಪೆಡಲ್ ಮೇಲಿರುತ್ತದೆ. ತಂತಿ ಮೀಟುವಾಗ ವಾಲ್ಯೂಮ್ ಸುಮಾರು ಅರ್ಧದಲ್ಲಿರಬೇಕು. ತಂತಿಯ ಸದ್ದು ಕುಗ್ಗುತ್ತಾ ಹೋದ ಹಾಗೆ ಪಾದ ಮೆಲ್ಲಗೆ ಮುಂದಕ್ಕೆ ವಾಲಬೇಕು. ಕುಗ್ಗಿದಷ್ಟನ್ನು ಕಾಲು ತುಂಬಿಕೊಡುತ್ತದೆ, ಸ್ವರ ನಿಂತೇ ಇರುತ್ತದೆ. ನಾನು ಮಾಡುತ್ತಿದ್ದುದೇ ಬೇರೆ. ಮೀಟುವಾಗಲೇ ಪೂರ್ತಿ ಒತ್ತಿಬಿಡುತ್ತಿದ್ದೆ. ಆಮೇಲೆ ಒತ್ತಲು ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಪ್ರತಿ ಸ್ವರಕ್ಕೂ ಹೊಲಿಗೆ ಮಷಿನ್ ತುಳಿದ ಹಾಗೆ ಕಾಲು ಮೇಲೆ ಕೆಳಗೆ ಆಡುತ್ತಿತ್ತು.

ಮೇಷ್ಟ್ರಿಗೆ ಇದು ಕೇಳಿಸಲೇ ಇಲ್ಲ. ನಾನು ಜೋರು ಮಾಡಿದರೆ ಆ್ಯಪ್ ಇಳಿಸುತ್ತಿತ್ತು, ಮೆಲ್ಲಗೆ ಮಾಡಿದರೆ ಏರಿಸುತ್ತಿತ್ತು. ಎಲ್ಲ ಒಂದೇ ಮಟ್ಟ. "ನಿಮ್ಮ ವಾಲ್ಯೂಮ್ ತುಂಬಾ ಸಮವಾಗಿದೆ" ಅಂತ ಹೊಗಳಿದರು. ಆ ದಿನ ಆಫೀಸಿನಲ್ಲಿ ಹಿಗ್ಗಿಕೊಂಡೇ ಓಡಾಡಿದೆ. ಉದ್ದದ ಸ್ವರ ನಡುವೆ ಕತ್ತರಿಸಿ ಹೋಗುತ್ತಿದ್ದಾಗ ಅವರು "ಇಂಟರ್‌ನೆಟ್ ತೊಂದರೆಯಾ?" ಅಂತ ಕೇಳುತ್ತಿದ್ದರು. ನಾನು "ಹೌದು ಸರ್, ಮಳೆ" ಅನ್ನುತ್ತಿದ್ದೆ. ಅವರ ಕಡೆಯ ಸದ್ದು ನನಗೆ ಸ್ವಚ್ಛವಾಗಿ ಕೇಳುತ್ತಿದ್ದುದರಿಂದ ನನ್ನ ಕಡೆ ಏನೋ ಕೆಟ್ಟಿದೆ ಅನ್ನುವ ಅನುಮಾನವೇ ಬರಲಿಲ್ಲ.

ಏಳು ತಿಂಗಳು ಹೀಗೇ ನಡೆಯಿತು. ದೀಪಾವಳಿಗೆ ಧಾರವಾಡದಿಂದ ಅಕ್ಕನ ಮಗಳು ಬಂದಿದ್ದಳು. ನಾನು ಒಂದು ಭಾವಗೀತೆ ನುಡಿಸುವಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿದಳು, ನನ್ನ ಕಾಲೂ ಸೇರಿ. ಖುಷಿಗೆ ಮೇಷ್ಟ್ರಿಗೆ ಕಳಿಸಿದೆ. ಮುಂದಿನ ಪಾಠದಲ್ಲಿ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಇದು ನೀವೇನಾ?" ಅಂದರು. ನನಗೆ ಅಳು ಬಂತು. ಅವರೂ ನೊಂದುಕೊಂಡರು, ಇಷ್ಟು ದಿನ ಬೇರೆ ಯಾರಿಗೋ ಪಾಠ ಮಾಡಿದ ಹಾಗಾಯಿತು ಅಂದರು. ಎರಡು ತಿಂಗಳು ವಾಲ್ಯೂಮ್ ಪೆಡಲ್ ತೆಗೆದಿಟ್ಟು ನುಡಿಸಲು ಹೇಳಿದರು. ಕಾಲಿನ ಆ ಚಟ ಪೂರ್ತಿ ಬಿಡಲು ಮತ್ತೂ ಮೂರು ತಿಂಗಳು ಬೇಕಾಯಿತು. ದುಡ್ಡು ಲಕ್ಷದ ಮೇಲೆ ಹೋಗಿತ್ತು ಬಿಡಿ, ತಪ್ಪನ್ನು ಅಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೇ ನನಗೆ ಜಾಸ್ತಿ ನೋವು.

ಅದಕ್ಕೇ ಅಮೆರಿಕದ ಮೇಷ್ಟ್ರಾ, ಇಲ್ಲಿಯವರಾ ಅಂತ ನೀವು ಕೇಳುತ್ತಿರುವುದು ನನಗೆ ಮೊದಲ ಪ್ರಶ್ನೆ ಅನಿಸುವುದಿಲ್ಲ. ನಿಮ್ಮ ಸದ್ದು ಇದ್ದ ಹಾಗೇ ಅವರ ಕಿವಿಗೆ ಹೋಗುತ್ತಾ, ಅದನ್ನು ಮೊದಲು ನೋಡಿ. ಒಂದು ಸಣ್ಣ ಆಡಿಯೋ ಇಂಟರ್‌ಫೇಸ್ (ವಾದ್ಯದ ಸದ್ದನ್ನು ಮೈಕ್ ಇಲ್ಲದೆ ಕಂಪ್ಯೂಟರಿಗೆ ಮುಟ್ಟಿಸುವ ಡಬ್ಬಿ) ತೆಗೆದುಕೊಂಡು ವಾದ್ಯವನ್ನು ನೇರ ಲ್ಯಾಪ್‌ಟಾಪಿಗೆ ಕೊಡಿ. ಆಗ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ವಾದ್ಯದ ಸದ್ದಿಗೆ ಸೇರುವುದಿಲ್ಲ. ಆ್ಯಪಿನಲ್ಲಿ 'ಒರಿಜಿನಲ್ ಸೌಂಡ್' ಅನ್ನುವಂಥ ಆಯ್ಕೆ ಇದ್ದರೆ ಆನ್ ಮಾಡಿ, ಸದ್ದನ್ನು ತಾನೇ ಹೊಂದಿಸುವುದನ್ನು ಆಫ್ ಮಾಡಿ. ಹಳೆಯ ಮೊಬೈಲ್ ಒಂದನ್ನು ವಾದ್ಯದ ಕೆಳಗೆ ಕಾಲು, ಮಂಡಿ ಎರಡೂ ಕಾಣುವ ಹಾಗೆ ಇಟ್ಟು ಎರಡನೇ ಕ್ಯಾಮೆರಾ ಮಾಡಿಕೊಳ್ಳಿ. ಈ ವಾದ್ಯದಲ್ಲಿ ಅರ್ಧ ಸಂಗೀತ ಮೇಜಿನ ಕೆಳಗೇ ನಡೆಯುತ್ತದೆ.

ಇನ್ನೊಂದು. ವಾರಕ್ಕೊಂದು ನೇರ ಪಾಠ ಬೇಕೇ ಬೇಕು ಅಂತ ನೀವು ಅಂದುಕೊಂಡಿರಬಹುದು. ನನಗೆ ಹಾಗನಿಸುವುದಿಲ್ಲ. ಸದ್ದು ಅಷ್ಟು ದೂರ ಹೋಗಿ ಬರಲು ಹೊತ್ತು ಹಿಡಿಯುವುದರಿಂದ ಮೇಷ್ಟ್ರ ಜೊತೆ ಸೇರಿ ನುಡಿಸಲು ಆಗುವುದೇ ಇಲ್ಲ. ಈಗ ನಾನು ತಿಂಗಳಿಗೆ ಎರಡೇ ಪಾಠ ತೆಗೆದುಕೊಳ್ಳುತ್ತೇನೆ. ನಡುವೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತೇನೆ. ಮೊದಲು ತಿಂಗಳಿಗೆ ತೆಗೆದುಕೊಳ್ಳುತ್ತಿದ್ದ ನಾಲ್ಕು ಪಾಠಕ್ಕಿಂತ ಇದರಲ್ಲೇ ಜಾಸ್ತಿ ಕಲಿಯುತ್ತಿದ್ದೇನೆ.

ವಾದ್ಯ ಕೊಳ್ಳುವುದಾದರೆ ಇ9 ಶ್ರುತಿಯ (ಈ ವಾದ್ಯಕ್ಕೆ ಹೆಚ್ಚಾಗಿ ಬಳಸುವ ಶ್ರುತಿ) ಹತ್ತು ತಂತಿಯದ್ದು, ಎ, ಬಿ, ಸಿ ಅನ್ನುವ ಮೂರು ಪೆಡಲ್, ನಾಲ್ಕು ಮಂಡಿ ಲಿವರ್ ಇರುವುದನ್ನೇ ಕೊಳ್ಳಿ. ಅದಕ್ಕಿಂತ ಕಡಿಮೆ ಬೇಡ. ಪೆಡಲ್ ಸಾಲಿಗೆ ಎಮನ್ಸ್, ಡೇ ಅನ್ನುವ ಇಬ್ಬರು ವಾದಕರ ಹೆಸರಿನ ಎರಡು ಕ್ರಮಗಳಿವೆ, ಯಾವುದು ಬೇಕು ಅಂತ ಮೇಷ್ಟ್ರನ್ನು ಕೇಳಿಕೊಂಡೇ ದುಡ್ಡು ಕೊಡಿ. ಎರಡರಲ್ಲೂ ಪೆಡಲ್ ಸಾಲು ಒಂದಕ್ಕೊಂದು ತಿರುಗಾಮುರುಗಾ. ಆ್ಯಂಪ್ ಮಾತ್ರ ಇಲ್ಲೇ ಕೊಳ್ಳಿ, ಅಲ್ಲಿಯದು 120 ವೋಲ್ಟಿನದು.

ಶುರುವಿನಲ್ಲಿ ಒಂದೇ ಕೆಲಸ ಮಾಡಿ. ಬಾರ್ ಅನ್ನು ತಂತಿಗಳ ಕೆಳಗೆ ಕಾಣುವ ಮೂರನೇ ಗೆರೆಯ (ಫ್ರೆಟ್) ಸರಿಯಾಗಿ ಮೇಲಿಟ್ಟು ಮೀಟಿದರೆ ಜಿ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಬಾರ್ ಅಲ್ಲೇ ಇರಲಿ, ಎ ಮತ್ತು ಬಿ ಪೆಡಲ್ ಎರಡನ್ನೂ ಎಡಪಾದದಿಂದ ಒಟ್ಟಿಗೆ ಒತ್ತಿ, ಸಿ ಮೇಜರ್ ಆಗುತ್ತದೆ. ಬಿಡಿ, ಮತ್ತೆ ಜಿ. ಈ ಎರಡರ ನಡುವೆಯೇ ನಾನು ಒಂದು ತಿಂಗಳು ಓಡಾಡಿದ್ದೇನೆ, ಇವತ್ತಿಗೂ ಬೇಸರ ಬಂದಿಲ್ಲ.

ಆರ್ಡರ್ ಮಾಡುವ ಮುಂಚೆ ಒಂದು ಭಾನುವಾರ ನಮ್ಮ ಮನೆಗೆ ಬನ್ನಿ. ಪುಣೆ ಗಾಡಿಯಿಂದ ಕಲ್ಯಾಣದಲ್ಲಿ ಇಳಿದು ಸ್ಲೋ ಲೋಕಲ್ ಹತ್ತಿದರೆ ಡೊಂಬಿವಲಿ ಎರಡನೇ ಸ್ಟೇಷನ್. ವಾದ್ಯದ ಮುಂದೆ ಕೂತು ನೋಡಿ, ನಿಮ್ಮ ಮಂಡಿಗೆ ಲಿವರ್ ಎಟುಕುತ್ತಾ ಅಂತ ಗೊತ್ತಾಗುತ್ತದೆ. ಮೂರನೇ ತಂತಿ ತುಂಬಾ ತೆಳು, ಹೊಸಬರ ಕೈಯಲ್ಲಿ ಅದೇ ಮೊದಲು ಹರಿಯುವುದು. ಹರಿದರೂ ಚಿಂತೆಯಿಲ್ಲ, ನಾಲ್ಕೈದು ತಂದಿಟ್ಟಿದ್ದೇನೆ.