ಅಮೆರಿಕದ ಸಮುದಾಯ ಚಾರ್ಟರ್ ಶಾಲೆಯ ಮುಖ್ಯಸ್ಥರಿಗೆ ನಿಜಕ್ಕೂ ಕಷ್ಟವಾದ ಕೆಲಸ ಯಾವುದು?

ಕಟ್ಟಡ ಹೊಂದಿಸುವುದು ಎಂಬುದೇ ನನ್ನ ಉತ್ತರ. ಪಠ್ಯಕ್ರಮ ಆಮೇಲಿನ ಮಾತು.

ಚಾರ್ಟರ್ ಶಾಲೆ ಖಾಸಗಿ ಶಾಲೆಯಲ್ಲ. ಅನುಮತಿ ಕೊಡುವ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದದ (ಅದೇ ‘ಚಾರ್ಟರ್’) ಮೇಲೆ, ಸಾರ್ವಜನಿಕ ಹಣದಲ್ಲಿ ನಡೆಯುತ್ತದೆ, ಬೋಧನಾ ಶುಲ್ಕ ಪಡೆಯುವಂತಿಲ್ಲ. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದರೆ ಸಾಮಾನ್ಯವಾಗಿ ಲಾಟರಿ ಎತ್ತುತ್ತಾರೆ. ಇಂಥ ಶಾಲೆಗಳಿಗಾಗಿ ಮೊಟ್ಟಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ತೆರೆಯಿತು. ಓದು ಬಿಟ್ಟ ಹದಿಹರೆಯದವರಿಗಾಗಿ ಶಿಕ್ಷಕರೇ ಕಟ್ಟಿದ ಶಾಲೆ ಅದು. ಈ ಮಾದರಿಯ ಬಗ್ಗೆ ನನಗಿರುವ ಗೌರವಕ್ಕೆ ಆ ಆರಂಭವೇ ಕಾರಣ.

ಶಾಲಾ ಜಿಲ್ಲೆಯ ಸಾಮಾನ್ಯ ಸರ್ಕಾರಿ ಶಾಲೆಗಳ ಕಟ್ಟಡಕ್ಕೆ ಸ್ಥಳೀಯ ಆಸ್ತಿ ತೆರಿಗೆಯಿಂದ ತೀರಿಸುವ ಸಾಲಪತ್ರಗಳಾದ ಬಾಂಡ್‌ಗಳಿಂದ ಹಣ ಬರುತ್ತದೆ. ಚಾರ್ಟರ್ ಶಾಲೆಗಳಿಗೆ ಹೆಚ್ಚಿನ ಕಡೆ ಆ ದಾರಿಯಿಲ್ಲ. ಹಳೆಯ ಚರ್ಚಿನ ನೆಲಮಹಡಿಯನ್ನೋ ಖಾಲಿ ಬಿದ್ದ ಅಂಗಡಿಯನ್ನೋ ಬಾಡಿಗೆಗೆ ಹಿಡಿಯಬೇಕು. ಕೆಲವು ರಾಜ್ಯಗಳು ಬಾಡಿಗೆಗೆ ನೆರವು ಕೊಡುತ್ತವೆ, ಆದರೂ ಕೊರತೆ ಬಿದ್ದಾಗ ಕೈ ಹಾಕುವುದು ಬೋಧನೆಗೆಂದು ಬಂದ ಹಣಕ್ಕೇ. ಅನುದಾನ ಬರುವುದು ಮಕ್ಕಳ ತಲೆ ಎಣಿಸಿ. ಹತ್ತು ಮಕ್ಕಳು ಬಿಟ್ಟುಹೋದರೆ ಆದಾಯ ಇಳಿಯುತ್ತದೆ, ಬಾಡಿಗೆ ಇಳಿಯುವುದಿಲ್ಲ. ಕೊನೆಗೆ ಸಂಗೀತ ಶಿಕ್ಷಕರ ಹುದ್ದೆಗೆ ಕತ್ತರಿ ಬೀಳುತ್ತದೆ. ಇದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ.

ಇದರ ಮೇಲೆ ಒಪ್ಪಂದದ ಗಡುವು, ಹಲವೆಡೆ ಐದು ವರ್ಷ. ಫಲಿತಾಂಶ ಸಾಲದಿದ್ದರೆ ಅನುಮತಿ ಕೊಟ್ಟ ಸಂಸ್ಥೆ ಶಾಲೆಯನ್ನು ಮುಚ್ಚಿಸಬಹುದು. ಹಣದ ಈ ಬಿಗಿಯೂ ಗಡುವಿನ ಒತ್ತಡವೂ ಇರುವುದರಿಂದ ಆಡಳಿತ ಮಂಡಳಿಯಲ್ಲಿ ಪೋಷಕರಷ್ಟೇ ಅಲ್ಲ, ಲೆಕ್ಕಪತ್ರ ಓದಬಲ್ಲವರೊಬ್ಬರು ಮೊದಲ ದಿನದಿಂದಲೇ ಇರಬೇಕು.